ಸಮರ್ಥನಿಗೆ ನನ್ನ ಮಾತ್ರೆ ಬೇಡ

ಯಲಹಂಕ ನ್ಯೂ ಟೌನ್
ಗುರುವಾರ, ೧೨ ಜೂನ್ ೨೦೨೫

ಪ್ರೀತಿಯ ಸೀತಕ್ಕನಿಗೆ,

ನಿನ್ನೆ ಹೋಗುವಾಗ ಬಾಗಿಲಲ್ಲಿ ನಿಂತು ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಎಷ್ಟ್ ಚೆನ್ನಾಗಿದ್ದೀಯ ಕಣೇ ಮಹತಿ. ನಮ್ ಸಮರ್ಥಂಗೂ ನಿನ್ ಮಾತ್ರೇನೇ ಕೊಟ್ರೆ ಆಗಲ್ವಾ?" ಫೋನಿನಲ್ಲಿ ಹೇಳಹೊರಟರೆ ನೀನು ಅಳುತ್ತೀಯ. ಅದಕ್ಕೇ ಬರೆದು ನಮ್ಮವರ ಕೈಲಿ ಚಿಕ್ಕಬಾಣಾವರಕ್ಕೆ ಕಳಿಸುತ್ತಿದ್ದೇನೆ.

ಮಗನಿಗೆ ಸ್ಕಿಜೋಫ್ರೇನಿಯಾ ಎಂದು ತಿಳಿದಾಗಿನಿಂದ ನೀನು ನೆಮ್ಮದಿಯಾಗಿ ಮಲಗಿಲ್ಲ, ಗೊತ್ತು. ರಿಸ್ಪೆರಿಡೋನ್ ಶುರುವಾದ ಮೇಲೆ ಅವನ ಕೈ ನಡುಗಿ ಅನ್ನದ ತುತ್ತು ತಟ್ಟೆಗೇ ಚೆಲ್ಲುವುದನ್ನು ನಾನೂ ನೋಡಿದ್ದೇನೆ. ನನಗೂ ಮೊದಲು ಅದನ್ನೇ ಕೊಟ್ಟಿದ್ದರು. ಕೈ ನಡುಗಿತು, ಕಿವಿಯಲ್ಲಿ ಬೈಯುವ ದನಿ ಮಾತ್ರ ನಿಲ್ಲಲಿಲ್ಲ. ಆಮೇಲೆ ಓಲಾಂಜಪಿನ್. ನಡುಕ ಹೋಯಿತು, ಆದರೆ ಹಸಿವೋ ಹಸಿವು. ಯಾವ ಚೂಡಿದಾರವೂ ಮೈಗೆ ಹತ್ತಲಿಲ್ಲ, ರಕ್ತದಲ್ಲಿ ಸಕ್ಕರೆ ಏರಿತು. ದನಿ ಆಗಲೂ ಇತ್ತು. ಎರಡೂ ಕೈಕೊಟ್ಟ ಮೇಲೆಯೇ ಡಾಕ್ಟರ್ ನೂರೀನ್ ಕ್ಲೋಜಪಿನ್ ಬರೆದದ್ದು. ಈಗ ನೀನು ನೋಡುತ್ತಿರುವುದು ಅದರ ಒಳ್ಳೆಯದನ್ನು ಮಾತ್ರ.

ಮೊದಲ ದಿನ ಬರೀ ಅರ್ಧ ಮಾತ್ರೆ. ಅಷ್ಟಕ್ಕೇ ಬಚ್ಚಲಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೆ. ನಮ್ಮವರು ಅಭಿರಾಮ್ ಬಾಗಿಲು ಒದ್ದು ತೆಗೆದರು. ಮತ್ತೆ ವಾರವಾರ ರಕ್ತಪರೀಕ್ಷೆ. ಬಿಳಿ ರಕ್ತಕಣ ಇಳಿದರೆ ಗಂಟಲುನೋವೂ ಜೀವಕ್ಕೆ ಕುತ್ತಾಗಬಹುದಂತೆ. ಒಮ್ಮೆ ಜ್ವರ ಬಂತು. ಹೆಬ್ಬಾಳದ ಕ್ಲಿನಿಕ್ಕಿನಲ್ಲಿ ಇಬ್ಬರೂ ರಿಪೋರ್ಟಿಗೆ ಕಾಯುತ್ತಾ ಕೂತೆವು. ಏನೂ ತೊಂದರೆಯಿಲ್ಲ ಎಂದು ಗೊತ್ತಾದ ಮೇಲೆ ಅಭಿರಾಮ್ ಹೊರಗೆ ಹೋಗಿ ಬೈಕಿಗೆ ಒರಗಿಕೊಂಡು ಅತ್ತರು. ನಿನಗೆ ಇದನ್ನೆಲ್ಲ ಹೇಳಿ ಹೆದರಿಸುವುದು ಬೇಡ ಎಂದು ಸುಮ್ಮನಿದ್ದೆವು.

ಬೆಳಗ್ಗೆ ಡಾಕ್ಟರಿಗೆ ಫೋನ್ ಮಾಡಿ ಸಮರ್ಥನ ವಿಷಯ ಕೇಳಿದೆ. "ಒಬ್ರಿಗೆ ಒಗ್ಗಿದ್ದು ಇನ್ನೊಬ್ರಿಗೆ ಒಗ್ಗತ್ತೆ ಅಂತ ಹೇಳಕ್ಕಾಗಲ್ಲಮ್ಮ. ಡೋಸ್ ಇಳಿಸಿ ನೋಡ್ಬಹುದು, ಬೇರೆ ಮಾತ್ರೇನೂ ಇದೆ. ಇವತ್ತೇ ಕರ್ಕೊಂಡ್ ಬನ್ನಿ" ಎಂದರು. ಅಲ್ಲಿಯವರೆಗೆ ಅವನ ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ, ಬದಲಾಯಿಸಲೂ ಬೇಡ. ಅವನನ್ನೂ ಒಂದು ಮಾತು ಕೇಳು ಅಕ್ಕ. ಮಾತ್ರೆ ಹೋಗುವುದು ಅವನ ಮೈಗೆ.

ನಿನ್ನವಳೇ ಆದ,
ಮಹತಿ

ತಾ.ಕ.: ಬೆಳಗ್ಗೆ ನೀನು ಕೊಟ್ಟ ಮಾತ್ರೆ ಬೇರೆ ಥರ ಇತ್ತೆಂದು ಸಮರ್ಥ ನುಂಗಲಿಲ್ಲ. ಜೇಬಿಗೆ ಹಾಕಿಕೊಂಡು ನನಗೆ ಫೋನ್ ಮಾಡಿದ. "ಚಿಕ್ಕಮ್ಮ, ಇದು ನಿಮ್ದಾ? ಅಮ್ಮಂಗೆ ಹೇಳ್ಬೇಡಿ, ಬೇಜಾರ್ ಮಾಡ್ಕೋತಾಳೆ" ಎಂದ. ನಿನ್ನೆ ನೀನು ನನ್ನ ಡಬ್ಬಿಯಿಂದ ಒಯ್ದ ಸ್ಟ್ರಿಪ್ಪನ್ನು ಅಭಿರಾಮ್ ಕೈಗೆ ಕೊಡು. ಸಮರ್ಥನನ್ನು ಬೈಯಬೇಡ.