ಬೀಗರಾಗುವವರ ಕೈಗೆ ಕೊಟ್ಟ ಕೀಲಿ

ಕಲ್ಯಾಣ ನಗರ, ಬೆಂಗಳೂರು
೯ ಜುಲೈ ೨೦೨೪

ಮಗಳು ತನ್ಮಯಿಗೆ ಅಪ್ಪನ ಪ್ರೀತಿಯ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಬೀದರಿನ ಬ್ಯಾಂಕಿನವರು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡುತ್ತಾರೆ ತಾನೆ? ನಾವಿಬ್ಬರೂ ಆರೋಗ್ಯ. ಕಾಯಿಲೆ ಬಿದ್ದದ್ದು ಕಾರು. ಮೊದಲು ಲೆಕ್ಕ ಹೇಳಿಬಿಡುತ್ತೇನೆ: ಬಿಲ್ಲು ನಲವತ್ತೊಂದು ಸಾವಿರದ ಆರುನೂರು, ಎಂಟು ದಿನದ ಆಟೋ ಎರಡು ಸಾವಿರದ ಇನ್ನೂರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಐದು ಸಾವಿರದಲ್ಲಿ ಮುಗಿಯುತ್ತಿತ್ತು.

ಕ್ಲಚ್ ಒತ್ತಿದರೆ ಗೊರಗೊರ ಸದ್ದು ಬರುತ್ತಿತ್ತು. ಹನ್ನೊಂದು ವರ್ಷದಿಂದ ನಮ್ಮ ಕಾರು ನೋಡುವ ಶಿವಾಜಿನಗರದ ಅಹ್ಮದ್ ಪಾಷಾ ಬಾನೆಟ್ ಕೂಡ ಎತ್ತದೆ, "ಬೇರಿಂಗ್ ಹೋಗಿದೆ ಸಾರ್. ಐದು ಸಾವಿರದೊಳಗೆ ಮಾಡ್ಕೊಡ್ತೀನಿ, ಸೋಮವಾರ ತನ್ನಿ" ಎಂದರು. ನಡುವೆ ಭಾನುವಾರ ನಚಿಕೇತನ ತಂದೆತಾಯಿ ಊಟಕ್ಕೆ ಬಂದರು. ನೀನು ವಿಡಿಯೋದಲ್ಲಿ ನೋಡಿ 'ಯೋಚಿಸಿ ಹೇಳ್ತೀನಿ' ಅಂದೆಯಲ್ಲ, ಕೆ.ಆರ್. ಪುರದ ಶೋರೂಮಿನಲ್ಲಿ ಸರ್ವಿಸ್ ಅಡ್ವೈಸರ್ ಆಗಿರುವ ಅದೇ ಹುಡುಗ. ಕಾರಿನ ಮಾತು ಬಂದದ್ದೇ ತಡ, ಅವನ ತಂದೆ ಯಜ್ಞನಾರಾಯಣರು, "ಏನ್ರೀ ವಾದಿರಾಜ್, ನಮ್ಮ ಹುಡ್ಗ ಇರೋವಾಗ ಗಲ್ಲಿ ಮೆಕ್ಯಾನಿಕ್ಕಾ?" ಎಂದು ನಕ್ಕರು. ಸ್ಕೂಟರಿನಲ್ಲಿ ಅಲೆದು ಪಾಲಿಸಿ ಮಾರಿ ಮನೆ ಕಟ್ಟಿಸಿದ ನಾಲಗೆ ಇದು, ಸುಮ್ಮನಿರಲು ಬರುವುದಿಲ್ಲ. ಪಾಯಸದ ಬಟ್ಟಲಿನ ಪಕ್ಕ ಕೀಲಿ ಇಟ್ಟೆ.

ಗೇರ್‌ಬಾಕ್ಸ್ ಇಳಿಸಿದ ಮೇಲೆ ಶೋರೂಮಿನಿಂದ ಫೋನ್ ಬಂತು: ಕ್ಲಚ್ ಸೆಟ್ ಪೂರ್ತಿ ಬದಲಾಗಬೇಕು, ಜೊತೆಗೆ ಫ್ಲೈವೀಲ್. ಬೇರೆಯವರಾಗಿದ್ದರೆ, ಬಿಚ್ಚಿದ ಸಾಮಾನು ತಂದು ತೋರಿಸಪ್ಪ ಎನ್ನುತ್ತಿದ್ದೆ. ಬೀಗರಾಗುವವರ ಮಗನನ್ನು ಹಾಗೆ ಕೇಳುವುದು ಹೇಗೆ? ಬಿಚ್ಚಿಟ್ಟ ಕಾರನ್ನು ಎಳೆದು ತರುವಂತೆಯೂ ಇಲ್ಲ. "ನೀವು ಹೇಗೆ ಹೇಳ್ತೀರೋ ಹಾಗೆ" ಎಂದುಬಿಟ್ಟೆ. ಪಾಷಾ ಹತ್ತಿರ ಹೋಗಿ ತಪ್ಪೊಪ್ಪಿಕೊಂಡರೆ, ಆತ ಟೀ ತರಿಸಿ, ಹುಡುಗನ ಹೆಸರು ಕೇಳಿ, "ನಚಿಕೇತನಾ? ಒಳ್ಳೆ ಹುಡ್ಗ ಸಾರ್. ಅವನ ಸ್ವಂತ ಗಾಡಿ ನಮ್ಹತ್ರಾನೇ ಬರುತ್ತೆ" ಎಂದರು. ನಿನ್ನೆ ಬಿಲ್ಲು ಕಟ್ಟುವಾಗ, ನಿನ್ನ ಗಾಡಿ ಪಾಷಾ ಹತ್ತಿರ, ನನ್ನದು ಮಾತ್ರ ಇಲ್ಲಿ ಯಾಕಪ್ಪ ಎಂದು ನಚಿಕೇತನನ್ನೇ ಕೇಳಿದೆ. ಅವನು ರಸೀದಿಗೆ ಸೀಲು ಒತ್ತುತ್ತ, "ತಿಂಗಳಿಗೆ ಇಷ್ಟು ಬಿಲ್ಲು ಮಾಡ್ಲೇಬೇಕು ಅಂತ ಟಾರ್ಗೆಟ್ ಇದೆ ಅಂಕಲ್. ಅಪ್ಪಂಗೆ ಮಾತ್ರ ಹೇಳ್ಬೇಡಿ" ಎಂದ. ಪಾಪ, ಅವನೂ ಸಿಕ್ಕಿಕೊಂಡವನೇ.

ಅಮ್ಮ ಚಟ್ನಿಪುಡಿ ಕಳಿಸಿದ್ದಾಳೆ. ಬಿಸಿನೀರು ಕುಡಿ, ಚೆನ್ನಾಗಿರು.

ಇಂತಿ,
ನಿನ್ನ ಅಪ್ಪ
ವಾದಿರಾಜ

ತಾ.ಕ.: ಇದನ್ನು ಅಮ್ಮ ಕಾಗದ ಓದಿ ಮಡಚಿಟ್ಟ ಮೇಲೆ ಅವಸರದಲ್ಲಿ ಸೇರಿಸುತ್ತಿದ್ದೇನೆ. ಆ ಭಾನುವಾರ ಅವಳು ಒಳಗಿದ್ದಾಗ, "ಮಗಳನ್ನೇ ಕೊಡ್ತಿದ್ದೀವಿ, ಕಾರೇನು ದೊಡ್ಡದು" ಅಂದುಬಿಟ್ಟೆ. ಅದನ್ನೇ ಒಪ್ಪಿಗೆ ಎಂದುಕೊಂಡು ಅವರು ಶ್ರಾವಣದ ನಿಶ್ಚಿತಾರ್ಥಕ್ಕೆ ಹಾಲ್ ಹಿಡಿದಿದ್ದಾರಂತೆ. ಬೇಡವೆಂದರೆ ಬರೆ, ನಾನೇ ಹೋಗಿ ಹೇಳುತ್ತೇನೆ. ಯಾವ ಮುಖ ಇಟ್ಟುಕೊಂಡು ಎಂದು ಮಾತ್ರ ಗೊತ್ತಿಲ್ಲ. ಶೋರೂಮಿಗೆ ಹಣ, ನಚಿಕೇತನಿಗೆ ಟಾರ್ಗೆಟ್, ಯಜ್ಞನಾರಾಯಣರಿಗೆ ಸೊಸೆ, ನನಗೆ ಸದ್ದಿಲ್ಲದ ಕ್ಲಚ್. ಪಾಷಾಗೆ ಟೀ ಖರ್ಚು. ನಿನ್ನನ್ನು ಯಾರೂ ಕೇಳಲೇ ಇಲ್ಲ.