ಮಂಚದ ಕಂಬಿಗೆ ಎರಡು ಬಡಿತ

ಅಮ್ಮಾ,

ನೀನು ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇವತ್ತು ವಾರ್ಡಿನಲ್ಲಿ ಒಂದು ಸಂಗತಿ ನಡೆಯಿತು.

ಪಾರ್ಶ್ವವಾಯುವಿನಿಂದ ಮಾತು ನಿಂತುಹೋದ ಒಬ್ಬ ಟೈಲರ್ ಅಜ್ಜ. ಅವರನ್ನು ಆರೈಕೆ ಕೇಂದ್ರಕ್ಕೆ ಸೇರಿಸಲು ಮಗಳು ಫಾರಂ ತುಂಬಿಸಿ ತಂದಿದ್ದಳು. ಮಾತು ಹೋದವರಿಗೆ ಬುದ್ಧಿಯೂ ಹೋಯಿತೆಂದು ಹೊಸ ಕಾನೂನಿನಲ್ಲಿ ನಾವೇ ತೀರ್ಮಾನಿಸುವಂತಿಲ್ಲ. ಅವರಿಗೆ ತಿಳಿಯುವ ಹಾಗೆ ಕೇಳಬೇಕು, ಉತ್ತರಕ್ಕೆ ಕಾಯಬೇಕು. ಈಗ ನನಗೆ ಅದೇ ಕೆಲಸ. ಕೇಂದ್ರದ ಫೋಟೋ ಹಿಡಿದು, "ಅಜ್ಜಾ, ಇಲ್ಲಿಗೆ ಹೋಗ್ತೀರಾ?" ಅಂದೆ.

ಅವರು ಮಂಚದ ಕಂಬಿಯನ್ನು ಬೆರಳಿನಿಂದ ಎರಡು ಸಲ ಬಡಿದರು.

"ಬಾಯಾರಿಕೆ ಅವರಿಗೆ," ಎಂದು ಮಗಳು ಲೋಟಕ್ಕೆ ಕೈ ಹಾಕಿದಳು.

"ಒಂದ್ನಿಮಿಷ ತಾಳಮ್ಮ, ಅವರನ್ನೇ ಕೇಳೋಣ. ಅಜ್ಜಾ, ನೀರು ಬೇಕಾ?"

ಮತ್ತೆ ಎರಡು ಬಡಿತ.

"ಎರಡು ಬಡಿದ್ರೆ ಬೇಡ ಅಂತಾನಾ?"

ತುಂಬ ಹೊತ್ತು ಕಾದೆ. ಒಂದೇ ಒಂದು ಬಡಿತ.

ಕೇಂದ್ರದ ಫೋಟೋ ಮತ್ತೆ ತೋರಿಸಿದೆ. ಎರಡು.

ಮಗಳು ಲೋಟವನ್ನು ಕೆಳಗಿಟ್ಟಳು. "ಮೂರು ತಿಂಗಳಿಂದ ನೀರು ಕುಡಿಸ್ತಾನೇ ಇದ್ದೀನಲ್ರೀ!"

ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮನೆಗೆ ಬಂದಾಗಿನಿಂದ ಎಲ್ಲಿ ಏನು ಸದ್ದಾದರೂ ಎಣಿಸುತ್ತಿದ್ದೇನೆ. ನಿನಗೂ ಹೀಗೇ ಮಾತು ನಿಂತಾಗ, ಅಂಥದ್ದೇ ಕೇಂದ್ರಕ್ಕೆ ಕಳಿಸುವ ಮುಂಚೆ ಡಾಕ್ಟರು ಕೇಳಿದ್ದು ನಿನ್ನನ್ನು. "ಅಮ್ಮಂಗೆ ಒಪ್ಪಿಗೆ ಇದೆ" ಅಂದವಳು ನಾನು. ನೀನು ಕಂಬಿ ಬಡಿದೆ. ನಾನು ಲೋಟ ಬಾಯಿಗಿಟ್ಟೆ.

ನನ್ನನ್ನೇ ನೋಡುತ್ತಾ, ಒಂದು ಹನಿಯೂ ಬಿಡದೆ ನೀನು ಕುಡಿದೆ.