ಸಮುದ್ರ ಬರುವ ಮುನ್ನ ಕಟ್ಟಿದ ದೋಣಿ

ಲುಬ್ಲಿನ್, ಮಾರ್ಚ್ ೯

ಮಾನ್ಯ ತಿಮೊನ್ ಅವರಿಗೆ,

ನೀವು ತಯಾರಿಸುತ್ತಿರುವ ದ್ವೀಪದ ವಿಡಿಯೊ ಗೇಮನ್ನು ನನ್ನ ಪತಿ ಬೊಗುಮಿಲ್ ಅದು ಪೂರ್ಣಗೊಳ್ಳುವ ಮೊದಲೇ ಹಣ ತೆತ್ತು ಆಡುತ್ತಿದ್ದರು. ಆಗ ಅದರಲ್ಲಿ ಕಾಡಿತ್ತು, ಮರಳಿತ್ತು, ಸಮುದ್ರವಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಸಮುದ್ರ ಬರಲಿದೆಯೆಂದು ನೀವು ಬರೆದಿದ್ದಿರಿ. ಅದನ್ನು ನಂಬಿ ಅವರು ಚಳಿಗಾಲವಿಡೀ ಆ ಮರಳಿನ ಮೇಲೆ ದೋಣಿಯೊಂದನ್ನು ಕಟ್ಟಿದರು.

"ಹನಿ ನೀರಿಲ್ಲ, ದೋಣಿ ಯಾಕ್ರೀ? ಅರ್ಧಂಬರ್ಧ ಆಟಕ್ಕೆ ದುಡ್ಡು ಸುರಿಯೋರು ಊರಲ್ಲಿ ನೀವೊಬ್ರೇ!" ಎಂದು ನಾನು ಹಂಗಿಸುತ್ತಿದ್ದೆ.

"ಬರುತ್ತೆ ಕಣೇ, ಟೀಚರಮ್ಮ. ಬಂದ ದಿನ ನಿನ್ನನ್ನೂ ಕೂರಿಸ್ಕೊಂಡು ಹೋಗ್ತೀನಿ. ಅಲ್ಲೀತನಕ ಒಂದು ನಿಂಬೆ ಚಹಾ ಕೊಡು."

ಚಹಾ ಕೊಟ್ಟೆ. ಒಮ್ಮೆಯೂ ಪಕ್ಕದಲ್ಲಿ ಕೂತು ನೋಡಲಿಲ್ಲ.

ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಸಮುದ್ರ ಸಿದ್ಧವಾಗಿದೆಯೆಂಬ ನಿಮ್ಮ ಪ್ರಕಟಣೆ ನಿನ್ನೆ ಅವರ ಹೆಸರಿಗೆ ಬಂದಿತು. ಹಳೆಯ ಆವೃತ್ತಿಯಲ್ಲಿ ಕಟ್ಟಿದ್ದೆಲ್ಲವೂ ಹೊಸದರಲ್ಲಿ ಅಳಿಸಿಹೋಗುತ್ತದೆಯೆಂದೂ ಅದರಲ್ಲಿದೆ. ಆದ್ದರಿಂದ ಮೊದಲ ಬಾರಿಗೆ ನಾನೇ ಆ ಆಟವನ್ನು ತೆರೆದು ದೋಣಿಯನ್ನು ನೋಡಿದೆ. ಆ ಒಂದು ದೋಣಿಯನ್ನು ಮಾತ್ರ ಹೊಸ ತೀರಕ್ಕೆ ತಂದಿರಿಸಲು ಸಾಧ್ಯವೇ?

ಅದು ಎಡಕ್ಕೆ ವಾಲಿದೆ; ಹಿಂಬದಿಯ ಹಲಗೆಯೊಂದು ಉದ್ದವಾಗಿ ಹೊರಚಾಚಿದೆ. ವೃತ್ತಿಯುದ್ದಕ್ಕೂ ಪರರ ತಪ್ಪುಗಳನ್ನು ತಿದ್ದಿದವಳು ನಾನು. ಆದರೂ ಕೇಳಿಕೊಳ್ಳುತ್ತೇನೆ, ದಯವಿಟ್ಟು ಏನನ್ನೂ ತಿದ್ದಬೇಡಿ. ಒಳಗೆ ಎರಡು ಆಸನಗಳಿವೆ. ಅವೂ ಹಾಗೆಯೇ ಇರಲಿ.

ಯಾವ ಗುಂಡಿಯನ್ನೊತ್ತಿದರೆ ದೋಣಿ ಹೊರಡುತ್ತದೆಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಇತಿ,
ಯದ್ವಿಗಾ ಮಲಿನೋವ್‌ಸ್ಕಾ
ನಿವೃತ್ತ ಶಾಲಾ ಶಿಕ್ಷಕಿ